ಮನೆಗೊಯ್ಯುವ ನಲೋಕ್ಸೋನ್: ಓವರ್‌ಡೋಸ್ ಆದವರನ್ನು ಉಳಿಸುವ ಮದ್ದು ನರ್ಸ್ ಕೈಯಿಂದಲೇ ಸಿಗುವುದು ಹೇಗೆ?

ಮಂಗಳೂರು, ಉಡುಪಿ ಕಡೆ ನರ್ಸಿಂಗ್ ಓದಿ ಬ್ರಿಟನ್, ಐರ್ಲೆಂಡ್, ಕೆನಡಾ, ಆಸ್ಟ್ರೇಲಿಯಾಕ್ಕೆ ಹೋದವರ ಮನೆಗಳು ಕರಾವಳಿಯ ಹೆಚ್ಚಿನ ಊರುಗಳಲ್ಲಿವೆ. ಅಲ್ಲಿನ ಆಸ್ಪತ್ರೆಗಳಲ್ಲಿ ಡ್ಯೂಟಿಗೆ ಸೇರಿದ ಮೇಲೆ, ಇಲ್ಲಿನ ವಾರ್ಡುಗಳಲ್ಲಿ ಎಂದೂ ಮಾಡದ ಒಂದು ಕೆಲಸ ಅವರ ಪಾಲಿಗೆ ಬರಬಹುದು. ಹೆರಾಯಿನ್ ಅಥವಾ ಫೆಂಟನಿಲ್ ಚಟ ಇರುವ ರೋಗಿ ಡಿಸ್ಚಾರ್ಜ್ ಆಗಿ ಹೊರಡುವಾಗ ಅವರ ಕೈಗೆ ಸಣ್ಣದೊಂದು ಕಿಟ್ ಕೊಟ್ಟು, ಅದನ್ನು ಬಳಸುವುದು ಹೇಗೆಂದು ಐದು ಹತ್ತು ನಿಮಿಷ ಕೂತು ಹೇಳಿಕೊಡುವುದು. ಕಿಟ್‌ನಲ್ಲಿ ಇರುವ ಮದ್ದಿನ ಹೆಸರು ನಲೋಕ್ಸೋನ್. ಇಂಗ್ಲಿಷ್‌ನಲ್ಲಿ ಈ ವ್ಯವಸ್ಥೆಗೆ ‘ಟೇಕ್ ಹೋಮ್ ನಲೋಕ್ಸೋನ್’ ಎನ್ನುತ್ತಾರೆ, ಅಂದರೆ ಮನೆಗೊಯ್ಯುವ ನಲೋಕ್ಸೋನ್.

ಡ್ರಗ್ಸ್ ತಗೊಳ್ಳುವವರಿಗೆ ಆಸ್ಪತ್ರೆಯೇ ಕಿಟ್ ಕೊಟ್ಟು ಕಳಿಸುವುದಾ ಎಂದು ಮೊದಲ ಸಲ ಕೇಳಿದವರು ಹುಬ್ಬೇರಿಸುವುದು ಸಹಜ. ಆದರೆ ಕಿಟ್‌ನಲ್ಲಿರುವುದು ಅಮಲಿನ ವಸ್ತುವಲ್ಲ, ಅಮಲನ್ನು ಇಳಿಸುವ ಮದ್ದು.

ನಲೋಕ್ಸೋನ್ ಏನು ಮಾಡುತ್ತದೆ?

ಅಫೀಮಿನ ಕುಟುಂಬಕ್ಕೆ ಸೇರಿದ ವಸ್ತುಗಳಿಗೆಲ್ಲ ಸೇರಿಸಿ ಒಪಿಯಾಯ್ಡ್ ಎಂಬ ಹೆಸರಿದೆ. ಹೆರಾಯಿನ್, ಮಾರ್ಫಿನ್, ಮೆಥಡೋನ್, ಫೆಂಟನಿಲ್, ಟ್ರಮಡಾಲ್ ಎಲ್ಲ ಇದರೊಳಗೆ ಬರುತ್ತವೆ. ಮಿದುಳಿನಲ್ಲಿ ಇವು ಕೂರುವುದಕ್ಕೆ ಗೊತ್ತಾದ ಜಾಗಗಳಿವೆ. ಅಲ್ಲಿ ಕೂತರೆ ನೋವು ಕಡಿಮೆಯಾಗುತ್ತದೆ, ಮಂಪರು ಬರುತ್ತದೆ. ಪ್ರಮಾಣ ಮೀರಿದರೆ ಉಸಿರಾಡು ಎಂದು ಮೈಗೆ ಹೇಳುವ ಭಾಗವೇ ನಿಧಾನವಾಗುತ್ತಾ ಹೋಗುತ್ತದೆ. ಓವರ್‌ಡೋಸ್‌ನಲ್ಲಿ ಸಾವು ಬರುವುದು ಉಸಿರು ನಿಂತು. ಆಮ್ಲಜನಕ ಇಲ್ಲದೆ ನಾಲ್ಕೈದು ನಿಮಿಷ ಕಳೆದರೆ ಮಿದುಳಿಗೆ ಪೆಟ್ಟು ಬೀಳಲು ಶುರುವಾಗುತ್ತದೆ.

ನಲೋಕ್ಸೋನ್ ಅದೇ ಕುರ್ಚಿಯಲ್ಲಿ ಕೂತಿರುವ ಒಪಿಯಾಯ್ಡನ್ನು ಎಬ್ಬಿಸಿ ತಾನು ಕೂರುತ್ತದೆ. ಸ್ನಾಯುವಿಗೆ ಚುಚ್ಚಿದರೆ ಅಥವಾ ಮೂಗಿಗೆ ಸ್ಪ್ರೇ ಮಾಡಿದರೆ ಎರಡರಿಂದ ಐದು ನಿಮಿಷದೊಳಗೆ ಉಸಿರು ಮರಳಲು ಶುರುವಾಗುತ್ತದೆ. ಆದರೆ ಅದು ಆ ಕುರ್ಚಿಯಲ್ಲಿ ಬಹಳ ಹೊತ್ತು ಕೂರುವುದಿಲ್ಲ. ಅರ್ಧ ಗಂಟೆಯಿಂದ ಒಂದೂವರೆ ಗಂಟೆಯೊಳಗೆ ಅದರ ಪ್ರಭಾವ ಇಳಿಯುತ್ತದೆ. ಮೈಯಲ್ಲಿ ಮೆಥಡೋನ್‌ನಂಥ ದೀರ್ಘಕಾಲ ಉಳಿಯುವ ವಸ್ತು ಇದ್ದರೆ ಅದು ಮತ್ತೆ ಬಂದು ಕೂರುತ್ತದೆ, ಉಸಿರು ಮತ್ತೆ ನಿಧಾನವಾಗಬಹುದು. ನಲೋಕ್ಸೋನ್ ಕೊಟ್ಟ ಮೇಲೂ ಆಂಬುಲೆನ್ಸ್ ಕರೆಯಲೇಬೇಕು ಎನ್ನುವುದು ಇದಕ್ಕೇ.

ಮದ್ದು ಹೊಸದೇನಲ್ಲ. 1961ರಲ್ಲಿ ಇದರ ಪೇಟೆಂಟ್‌ಗೆ ಅರ್ಜಿ ಹಾಕಿದ್ದರು, 1971ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಒಪ್ಪಿಗೆ ಕೊಟ್ಟಿತು. ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಗಳ ಪಟ್ಟಿಯಲ್ಲಿ ದಶಕಗಳಿಂದ ಇದೆ. ಆದರೆ ಮೊದಲ 25 ವರ್ಷ ಇದು ಆಸ್ಪತ್ರೆ, ಆಂಬುಲೆನ್ಸ್ ಬಿಟ್ಟು ಆಚೆ ಬರಲಿಲ್ಲ. 1996ರ ಸುಮಾರಿಗೆ ಷಿಕಾಗೋದಲ್ಲಿ ಡ್ಯಾನ್ ಬಿಗ್ ಮತ್ತು ಅವರ ಶಿಕಾಗೋ ರಿಕವರಿ ಅಲಯನ್ಸ್ ಸಂಸ್ಥೆಯವರು ಇದನ್ನು ನೇರವಾಗಿ ಡ್ರಗ್ಸ್ ಬಳಸುವವರ ಕೈಗೇ ಕೊಡಲು ಶುರು ಮಾಡಿದರು. ಓವರ್‌ಡೋಸ್ ಆಗುವ ಹೊತ್ತಿಗೆ ಪಕ್ಕದಲ್ಲಿ ಇರುವುದು ಡಾಕ್ಟರಲ್ಲ, ಗೆಳೆಯನೋ ಹೆಂಡತಿಯೋ ರೂಮ್‌ಮೇಟೋ ಎಂಬುದು ಅವರ ಸರಳ ಲೆಕ್ಕ. ಇಡೀ ಪದ್ಧತಿ ನಿಂತಿರುವುದು ಆ ಲೆಕ್ಕದ ಮೇಲೇ.

ಆಸ್ಪತ್ರೆಯಿಂದ ಹೊರಟ ದಿನವೇ ಯಾಕೆ ಅಪಾಯ?

ಆಸ್ಪತ್ರೆಗೆ ಬಂದು ಉಳಿದುಕೊಂಡವರು ಇನ್ನು ಸುರಕ್ಷಿತ ಎಂದು ಮನೆಯವರು ನಿಟ್ಟುಸಿರು ಬಿಡುತ್ತಾರೆ. ಲೆಕ್ಕ ಹಾಕಿ ನೋಡಿದಾಗ ಕಂಡದ್ದು ಬೇರೆ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ 2011ರಿಂದ 2015ರವರೆಗೆ ಒಪಿಯಾಯ್ಡ್ ಓವರ್‌ಡೋಸ್ ಆಗಿ ಕ್ಯಾಶುವಾಲ್ಟಿಗೆ ಬಂದು ಬದುಕಿ ಹೊರಟ 11,557 ಮಂದಿಯನ್ನು ಒಂದು ಅಧ್ಯಯನ ಹಿಂಬಾಲಿಸಿತು. ಒಂದೇ ವರ್ಷದಲ್ಲಿ ಅವರಲ್ಲಿ 635 ಮಂದಿ ತೀರಿಕೊಂಡಿದ್ದರು, ಅಂದರೆ ನೂರರಲ್ಲಿ ಐದೂವರೆ. ಅವರಲ್ಲಿ 130 ಮಂದಿ ಸತ್ತದ್ದು ಮೊದಲ ತಿಂಗಳಲ್ಲೇ. 29 ಮಂದಿ ಎರಡು ದಿನದೊಳಗೆ. ಎದೆನೋವೆಂದು ಬಂದವರನ್ನು ಈ ಲೆಕ್ಕದಲ್ಲಿ ಮನೆಗೆ ಕಳಿಸಿದರೆ ಯಾವ ಆಸ್ಪತ್ರೆಯೂ ಸುಮ್ಮನಿರುತ್ತಿರಲಿಲ್ಲ.

ಇನ್ನೊಂದು ಕಾರಣ ಮೈಯ ಅಭ್ಯಾಸದ್ದು. ದಿನಾ ಹೆರಾಯಿನ್ ತಗೊಳ್ಳುವವರ ದೇಹ ಅದಕ್ಕೆ ಒಗ್ಗಿಕೊಂಡಿರುತ್ತದೆ. ಕಾಲಿನ ಕೀವುಗಾಯಕ್ಕೋ ಹೃದಯದ ಸೋಂಕಿಗೋ ಎರಡು ಮೂರು ವಾರ ವಾರ್ಡಿನಲ್ಲಿ ಮಲಗಿದ್ದರೆ ಆ ಒಗ್ಗಿಕೆ ಇಳಿದುಹೋಗುತ್ತದೆ. ಹೊರಗೆ ಹೋಗಿ ಹಿಂದಿನಷ್ಟೇ ತಗೊಂಡರೆ ಅದೇ ಪ್ರಮಾಣ ಈಗ ವಿಷ. ಜೈಲಿನಿಂದ ಬಿಡುಗಡೆಯಾದವರಿಗೂ, ಚಟ ಬಿಡಿಸುವ ಕೇಂದ್ರದಿಂದ ಹೊರಬಂದವರಿಗೂ ಇದೇ ಕಥೆ. ಹಾಗಾಗಿ ಸ್ಕಾಟ್ಲೆಂಡ್ 2011ರಲ್ಲಿ ದೇಶದ ಮಟ್ಟದ ನಲೋಕ್ಸೋನ್ ಕಾರ್ಯಕ್ರಮ ಶುರು ಮಾಡಿದಾಗ ಜೈಲಿನಿಂದ ಹೊರಡುವವರ ಮೇಲೂ ವಿಶೇಷ ಕಣ್ಣಿಟ್ಟಿತು. ಅದಕ್ಕೂ ಮೊದಲು ಅಲ್ಲಿನ ಒಪಿಯಾಯ್ಡ್ ಸಾವುಗಳಲ್ಲಿ ಶೇ 9.8ರಷ್ಟು ಜೈಲು ಬಿಟ್ಟ ನಾಲ್ಕು ವಾರದೊಳಗೆ ಆಗುತ್ತಿದ್ದವು. ಕಾರ್ಯಕ್ರಮದ ಮೊದಲ ಮೂರು ವರ್ಷಗಳಲ್ಲಿ ಅದು ಶೇ 6.3ಕ್ಕೆ ಇಳಿಯಿತು.

ಚಟ ಇರುವವರಷ್ಟೇ ಅಲ್ಲ, ಡಾಕ್ಟರ್ ಬರೆದುಕೊಟ್ಟ ಮಾರ್ಫಿನ್‌ನಂಥ ನೋವಿನ ಮಾತ್ರೆಯನ್ನು ದೊಡ್ಡ ಪ್ರಮಾಣದಲ್ಲಿ, ನಿದ್ದೆ ಮಾತ್ರೆಯ ಜತೆ ತಗೊಳ್ಳುವ ರೋಗಿಗಳಿಗೂ ಶ್ವಾಸಕೋಶದ ತೊಂದರೆ ಇದ್ದರೆ ಅಪಾಯ ಹೆಚ್ಚು. ಅಮೆರಿಕದ ಮಾರ್ಗಸೂಚಿಗಳು ಇಂಥವರಿಗೂ ನಲೋಕ್ಸೋನ್ ಕೊಡುವಂತೆ ಹೇಳುತ್ತವೆ.

ಚೀಟಿ ಬರೆದರೆ ಸಾಲದೇ?

ಡಾಕ್ಟರ್ ಚೀಟಿ ಬರೆದುಕೊಟ್ಟರೆ ರೋಗಿ ಮೆಡಿಕಲ್‌ನಲ್ಲಿ ತಗೊಳ್ಳಬಹುದಲ್ಲ ಎಂಬ ಪ್ರಶ್ನೆ ಬರುತ್ತದೆ. ಉತ್ತರ ಅಮೆರಿಕದ ಅಂಕಿಗಳಲ್ಲೇ ಇದೆ. 2019ರ ಆಗಸ್ಟ್‌ನಿಂದ 2021ರ ಏಪ್ರಿಲ್‌ವರೆಗಿನ ದಾಖಲೆ ನೋಡಿದ ಅಧ್ಯಯನದಲ್ಲಿ, ಓವರ್‌ಡೋಸ್ ಆಗಿ ಕ್ಯಾಶುವಾಲ್ಟಿಗೆ ಬಂದ ನೂರು ಸಲದಲ್ಲಿ ಏಳು ಚಿಲ್ಲರೆ ಸಲ ಮಾತ್ರ ಮುಂದಿನ 30 ದಿನದೊಳಗೆ ಔಷಧ ಅಂಗಡಿಯಿಂದ ನಲೋಕ್ಸೋನ್ ತೆಗೆದುಕೊಂಡ ದಾಖಲೆ ಸಿಕ್ಕಿತು. ತೀವ್ರ ಅಲರ್ಜಿಯಾಗಿ ಬಂದವರು ಅದರ ತುರ್ತು ಇಂಜೆಕ್ಷನ್ ಎಪಿನೆಫ್ರಿನ್ ತೆಗೆದುಕೊಂಡದ್ದು ನೂರರಲ್ಲಿ ಸುಮಾರು 49. ಎರಡೂ ಹತ್ತಿರವಿಟ್ಟುಕೊಂಡು ತುರ್ತಿಗೆ ಬಳಸುವ ಮದ್ದುಗಳೇ. ಒಂದಕ್ಕೆ ಅರ್ಧದಷ್ಟು, ಇನ್ನೊಂದಕ್ಕೆ ಹತ್ತರಲ್ಲಿ ಒಂದೂ ಇಲ್ಲ. ಆಸ್ಪತ್ರೆಯಲ್ಲೇ ಕೈಗೆ ಕೊಟ್ಟ ಕಿಟ್‌ಗಳು ಈ ಲೆಕ್ಕದಲ್ಲಿ ಸೇರಿಲ್ಲ ಎಂಬುದನ್ನೂ ಗಮನಿಸಬೇಕು. ಆದರೂ ಚೀಟಿಯ ದಾರಿ ಎಷ್ಟು ಸೋರುತ್ತದೆ ಎಂಬುದು ಗೊತ್ತಾಗುತ್ತದೆ.

ಸೋರುವುದಕ್ಕೆ ಕಾರಣ ಹುಡುಕಬೇಕಾಗಿಲ್ಲ. ರಾತ್ರಿ ಎರಡು ಗಂಟೆಗೆ ಡಿಸ್ಚಾರ್ಜ್ ಆದರೆ ಅಂಗಡಿ ತೆರೆದಿರುವುದಿಲ್ಲ. ಜೇಬಲ್ಲಿ ದುಡ್ಡಿರುವುದಿಲ್ಲ. ಕೌಂಟರಿನಲ್ಲಿ ನಿಂತು ಆ ಮದ್ದಿನ ಹೆಸರು ಹೇಳಿದರೆ ಸಾಲಿನಲ್ಲಿರುವವರೆಲ್ಲ ತಿರುಗಿ ನೋಡುತ್ತಾರೆ ಎಂಬ ನಾಚಿಕೆ ಬೇರೆ. ಅಮೆರಿಕದಲ್ಲಿ 2023ರ ಮಾರ್ಚ್‌ನಲ್ಲಿ ಮೂಗಿನ ಸ್ಪ್ರೇಯನ್ನು ಚೀಟಿ ಇಲ್ಲದೆ ಮಾರಲು ಒಪ್ಪಿಗೆ ಸಿಕ್ಕಿತು. ಎರಡು ಸ್ಪ್ರೇಗಳ ಪೆಟ್ಟಿಗೆಗೆ ಕಂಪನಿ ಹೇಳಿದ ಬೆಲೆ ಸುಮಾರು 45 ಡಾಲರ್. ಬೀದಿಯಲ್ಲಿ ಮಲಗುವವರಿಗೆ ಅದು ಸಣ್ಣ ಮೊತ್ತವಲ್ಲ.

ವಿತ್‌ಡ್ರಾವಲ್‌ನ ಮೈಕೈ ನೋವು, ಬೆವರು, ವಾಂತಿ ತಡೆಯಲಾರದೆ ಚಿಕಿತ್ಸೆ ಅರ್ಧಕ್ಕೇ ಬಿಟ್ಟು ಎದ್ದು ಹೋಗುವ ರೋಗಿಗಳೂ ಇರುತ್ತಾರೆ. ಅವರು ಡಿಸ್ಚಾರ್ಜ್ ಚೀಟಿಗೆ ಕಾಯುವುದಿಲ್ಲ. ಹೊರಡುವ ಮೊದಲು ಅವರು ನೋಡುವ ಕೊನೆಯ ಮುಖ ಹೆಚ್ಚಿನ ಸಲ ನರ್ಸ್‌ದ್ದೇ. ಡ್ರಿಪ್ ತೆಗೆಯುವವರು, ಡ್ರೆಸ್ಸಿಂಗ್ ಮಾಡುವವರು, ರಾತ್ರಿಯೆಲ್ಲ ಪಕ್ಕದಲ್ಲಿದ್ದವರು ಅವರೇ. ಆ ಕೈಯಲ್ಲಿ ಕಿಟ್ ಇರಬೇಕು, ಅದನ್ನು ಕೊಡುವ ಅಧಿಕಾರವೂ ಇರಬೇಕು ಎಂಬಲ್ಲಿಗೆ ಮಾತು ಬಂದು ನಿಲ್ಲುತ್ತದೆ.

ಅಧಿಕಾರ ಸಿಕ್ಕಿದ್ದು ಹೇಗೆ?

ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯ ಇದರಲ್ಲಿ ಮೊದಲ ಸಾಲಿನಲ್ಲಿದೆ. ಅಲ್ಲಿನ ರೋಗ ನಿಯಂತ್ರಣ ಕೇಂದ್ರ 2012ರ ಆಗಸ್ಟ್‌ನಲ್ಲಿ ಮನೆಗೊಯ್ಯುವ ನಲೋಕ್ಸೋನ್ ಶುರು ಮಾಡಿತು. ಆಮೇಲೆ ಫೆಂಟನಿಲ್ ಬಂತು. 2016ರ ಏಪ್ರಿಲ್ 14ರಂದು ಪ್ರಾಂತ್ಯ ಸಾರ್ವಜನಿಕ ಆರೋಗ್ಯ ತುರ್ತುಸ್ಥಿತಿ ಘೋಷಿಸಿತು. ಅದೇ ವರ್ಷ ಕೆನಡಾ ಸರಕಾರ ಓವರ್‌ಡೋಸ್ ತುರ್ತಿಗೆ ಬಳಸುವ ನಲೋಕ್ಸೋನನ್ನು ಚೀಟಿ ಬೇಕಾದ ಔಷಧಗಳ ಪಟ್ಟಿಯಿಂದ ತೆಗೆಯಿತು. ಅಲ್ಲಿಂದ ಕ್ಯಾಶುವಾಲ್ಟಿಯಲ್ಲಿ, ವಾರ್ಡಿನಲ್ಲಿ ಕಿಟ್ ಎತ್ತಿ ಕೊಡುವುದು ಸಲೀಸಾಯಿತು. ಕಿಟ್ ಉಚಿತ. ಕನ್ನಡಕದ ಡಬ್ಬಿಯಂಥ ಚೀಲದಲ್ಲಿ ತಲಾ 0.4 ಮಿಲಿಗ್ರಾಂನ ಮೂರು ಆಂಪೂಲ್, ಸಿರಿಂಜ್‌ಗಳು, ಗ್ಲೌಸ್, ಬಾಯಿಂದ ಉಸಿರು ಕೊಡುವಾಗ ಮುಖಕ್ಕೆ ಹಾಸುವ ಮಾಸ್ಕ್ ಇರುತ್ತವೆ.

ಇಷ್ಟೆಲ್ಲ ಆಗಿಯೂ ಸುಮಾರು 55 ಲಕ್ಷ ಜನರ ಆ ಪ್ರಾಂತ್ಯದಲ್ಲಿ 2023ರಲ್ಲಿ 2,500ಕ್ಕೂ ಹೆಚ್ಚು ಮಂದಿ ಡ್ರಗ್ಸ್‌ಗೆ ಬಲಿಯಾದರು. ಬೀದಿಯ ಸರಕು ಅಷ್ಟು ವಿಷವಾಗಿದೆ. ನಲೋಕ್ಸೋನ್ ಒಂದರಿಂದ ಸಮಸ್ಯೆ ಮುಗಿಯುತ್ತದೆ ಎಂದು ಅಲ್ಲಿ ಯಾರೂ ಹೇಳುವುದಿಲ್ಲ.

ಬ್ರಿಟನ್‌ನಲ್ಲಿ ದಾರಿ ಇನ್ನೂ ಸುತ್ತು. 2015ರ ಅಕ್ಟೋಬರ್‌ನಿಂದ ಡ್ರಗ್ಸ್ ಚಿಕಿತ್ಸಾ ಕೇಂದ್ರಗಳ ಸಿಬ್ಬಂದಿಗೆ ಚೀಟಿ ಇಲ್ಲದೆ ಕೊಡುವ ಅವಕಾಶ ಬಂತು. ಆದರೆ ಸಾಮಾನ್ಯ ಆಸ್ಪತ್ರೆಯ ನರ್ಸ್ ಆ ಪಟ್ಟಿಯಲ್ಲಿರಲಿಲ್ಲ. ಆಕೆ ಕೊಡಬೇಕೆಂದರೆ ಡಾಕ್ಟರ ಚೀಟಿ ಬೇಕು, ಇಲ್ಲವೇ ಆಸ್ಪತ್ರೆ ಮುಂಚಿತವಾಗಿ ಬರೆದಿಟ್ಟ ‘ಪೇಷಂಟ್ ಗ್ರೂಪ್ ಡೈರೆಕ್ಷನ್’ ಎಂಬ ಲಿಖಿತ ಅನುಮತಿ ಬೇಕು. ಆ ಅನುಮತಿ ಇರುವ ಆಸ್ಪತ್ರೆಯಲ್ಲಿ ಸಲೀಸು, ಇಲ್ಲದ ಕಡೆ ಕಿಟ್ ಕಪಾಟಿನಲ್ಲೇ. 2024ರ ಡಿಸೆಂಬರ್ 2ರಿಂದ ಜಾರಿಗೆ ಬಂದ ತಿದ್ದುಪಡಿ ಈ ಗಂಟು ಬಿಡಿಸಿತು. ನೋಂದಾಯಿತ ನರ್ಸ್, ಮಿಡ್‌ವೈಫ್, ಪ್ಯಾರಾಮೆಡಿಕ್, ಫಾರ್ಮಸಿಸ್ಟ್‌ಗಳು, ಪೊಲೀಸ್ ಮತ್ತು ಜೈಲು ಸಿಬ್ಬಂದಿ ಸಹಿತ ಚೀಟಿಯಿಲ್ಲದೆ ಮನೆಗೊಯ್ಯುವ ನಲೋಕ್ಸೋನ್ ಕೊಡಬಹುದು. ಅಪಾಯದಲ್ಲಿರುವವರ ಮನೆಯವರಿಗೆ, ಗೆಳೆಯರಿಗೆ ಕೊಡುವುದಕ್ಕೂ ಅಡ್ಡಿಯಿಲ್ಲ.

ಬ್ರಿಟನ್‌ನ ಕಿಟ್ ಎರಡು ಬಗೆ. ಹಳದಿ ಡಬ್ಬಿಯ ಪ್ರಿನಾಕ್ಸಾಡ್‌ನಲ್ಲಿ ಮೊದಲೇ ತುಂಬಿದ ಸಿರಿಂಜ್ ಇರುತ್ತದೆ, ಅದರಲ್ಲಿ ಐದು ಡೋಸ್‌ಗೆ ಗೆರೆ ಹಾಕಿರುತ್ತಾರೆ. ಇನ್ನೊಂದು ನಿಕ್ಸಾಯ್ಡ್ ಎಂಬ ಮೂಗಿನ ಸ್ಪ್ರೇ. ಸೂಜಿ ಕಂಡರೆ ಹೆದರುವ ತಾಯಂದಿರಿಗೆ ಸ್ಪ್ರೇ ಸುಲಭ. ಆಸ್ಟ್ರೇಲಿಯಾದಲ್ಲಿ 2022ರ ಜುಲೈ 1ರಿಂದ ದೇಶದಾದ್ಯಂತ ನಲೋಕ್ಸೋನ್ ಚೀಟಿ ಇಲ್ಲದೆ, ಉಚಿತವಾಗಿ ಸಿಗುತ್ತದೆ.

ಆ ಹತ್ತು ನಿಮಿಷದಲ್ಲಿ ನರ್ಸ್ ಏನು ಹೇಳಿಕೊಡುತ್ತಾರೆ?

ಆಸ್ತಮಾ ಇದ್ದವರು ಪಂಪ್ ಇಟ್ಟುಕೊಂಡ ಹಾಗೆ ಇದೂ ಒಂದು ಎಂದು ಹೇಳುವುದುಂಟು. ಆದರೆ ಒಂದು ದೊಡ್ಡ ವ್ಯತ್ಯಾಸ ಇದೆ. ಪಂಪನ್ನು ರೋಗಿಯೇ ಬಾಯಿಗಿಟ್ಟುಕೊಳ್ಳಬಹುದು. ಓವರ್‌ಡೋಸ್ ಆದವರಿಗೆ ಪ್ರಜ್ಞೆಯೇ ಇರುವುದಿಲ್ಲ. ಹಾಗಾಗಿ ನರ್ಸ್ ಮೊದಲು ಕೇಳುವುದು, “ನಿಮ್ಮ ಜತೆ ಯಾರಿರ್ತಾರೆ? ಇದು ಎಲ್ಲಿದೆ ಅಂತ ಅವರಿಗೆ ಗೊತ್ತಿರುತ್ತಾ?” ಎಂದು. ಸಾಧ್ಯವಾದರೆ ಆ ಜತೆಗಾರರನ್ನೂ ಕೂರಿಸಿ ಹೇಳಿಕೊಡುತ್ತಾರೆ. ಒಬ್ಬರೇ ಇರುವಾಗ ತಗೊಳ್ಳಬೇಡಿ ಎನ್ನುವುದು ಪಾಠದ ಮುಖ್ಯ ಮಾತು.

ಕೇಳುವ ಧಾಟಿಯೂ ಮುಖ್ಯ. “ನೀವು ಡ್ರಗ್ಸ್ ತಗೊಳ್ತೀರಲ್ಲ, ಇದು ನಿಮಗೆ ಬೇಕಾಗುತ್ತೆ” ಎಂದರೆ ಎದುರಿಗಿದ್ದವರು ಮುಖ ತಿರುಗಿಸುತ್ತಾರೆ. “ನಿಮ್ಮ ಕಣ್ಣೆದುರು ಯಾರಾದರೂ ಬಿದ್ದರೆ ನಿಮ್ಮ ಕೈಯಲ್ಲಿ ಇದು ಇರಲಿ” ಎಂದರೆ ಕೈ ಚಾಚುತ್ತಾರೆ. ಮಾತು ಸುಳ್ಳೂ ಅಲ್ಲ, ಡ್ರಗ್ಸ್ ಬಳಸುವವರ ಕೈಯಲ್ಲಿರುವ ಕಿಟ್ ಬಹಳ ಸಲ ಇನ್ನೊಬ್ಬರನ್ನು ಉಳಿಸಲು ಬಳಕೆಯಾಗುತ್ತದೆ.

ಗುರುತು ಹಿಡಿಯುವುದು ಹೀಗೆ: ಎಷ್ಟು ಅಲುಗಿಸಿದರೂ ಏಳುವುದಿಲ್ಲ, ಉಸಿರು ತುಂಬ ನಿಧಾನ ಅಥವಾ ಇಲ್ಲವೇ ಇಲ್ಲ, ತುಟಿ ಉಗುರು ನೀಲಿ ಅಥವಾ ಬೂದು ಬಣ್ಣ, ಕಣ್ಣಿನ ಪಾಪೆ ಸೂಜಿಮೊನೆಯಷ್ಟು ಸಣ್ಣ. ಗಂಟಲಿನಿಂದ ಗೊರಗೊರ ಸದ್ದು ಬರುತ್ತಿದ್ದರೆ ಗೊರಕೆ ಹೊಡೆದು ಮಲಗಿದ್ದಾರೆ ಎಂದು ಬಿಟ್ಟುಬಿಡುವುದು ದೊಡ್ಡ ತಪ್ಪು.

ಬ್ರಿಟಿಷ್ ಕೊಲಂಬಿಯಾದ ಪಾಠದ ಕ್ರಮ ನೆನಪಿಡಲು ಸುಲಭ. ಹೆಸರು ಹಿಡಿದು ಜೋರಾಗಿ ಕರೆಯಿರಿ, ಅಲುಗಿಸಿ, ಏಳದಿದ್ದರೆ ಆಂಬುಲೆನ್ಸ್‌ಗೆ ಫೋನ್ ಮಾಡಿ. ಬಾಯಲ್ಲಿ ಏನಾದರೂ ಇದ್ದರೆ ತೆಗೆದು, ತಲೆಯನ್ನು ಹಿಂದಕ್ಕೆ ಬಾಗಿಸಿ, ಐದು ಸೆಕೆಂಡಿಗೊಮ್ಮೆ ಬಾಯಿಂದ ಉಸಿರು ಕೊಡಿ. ತೊಡೆಗೋ ತೋಳಿಗೋ ಒಂದು ಡೋಸ್ ಚುಚ್ಚಿ, ಬಟ್ಟೆಯ ಮೇಲಿಂದಲೇ ಆದರೂ ಪರವಾಗಿಲ್ಲ. ಉಸಿರು ಕೊಡುವುದನ್ನು ನಿಲ್ಲಿಸಬೇಡಿ. ಮೂರರಿಂದ ಐದು ನಿಮಿಷ ಕಳೆದೂ ಉಸಿರು ಮರಳದಿದ್ದರೆ ಇನ್ನೊಂದು ಡೋಸ್. ಬಿಟ್ಟು ಹೋಗಲೇಬೇಕಾದರೆ ಮಗ್ಗುಲಾಗಿ ಮಲಗಿಸಿ. ಹೊಸಬರು ಮರೆಯುವುದು ಉಸಿರು ಕೊಡುವುದನ್ನು. ಮದ್ದು ಕೆಲಸ ಶುರು ಮಾಡುವವರೆಗಿನ ಆ ಎರಡು ಮೂರು ನಿಮಿಷ ಜೀವ ಹಿಡಿದಿಡುವುದು ಉಸಿರೇ.

ಎಚ್ಚರವಾದವರು ಕೃತಜ್ಞತೆಯಿಂದ ಕೈಮುಗಿಯುತ್ತಾರೆ ಎಂದು ನಿರೀಕ್ಷಿಸಬಾರದು ಎಂಬುದನ್ನೂ ನರ್ಸ್ ಹೇಳಿರುತ್ತಾರೆ. ಅಮಲು ಒಮ್ಮೆಲೇ ಇಳಿದಾಗ ವಿತ್‌ಡ್ರಾವಲ್ ಬರುತ್ತದೆ. ವಾಂತಿ, ಬೆವರು, ಸಿಟ್ಟು, ಮತ್ತೆ ಬೇಕೆಂಬ ಹಠ. ಆಗ ಮತ್ತೆ ತಗೊಂಡರೆ ನಲೋಕ್ಸೋನ್ ಇಳಿದ ಮೇಲೆ ಎರಡೂ ಒಟ್ಟಿಗೆ ಏರುತ್ತವೆ. ಒಂದೆರಡು ಗಂಟೆ ಜತೆಯಲ್ಲೇ ಕೂರಬೇಕು.

ಪೊಲೀಸರು ಬರುತ್ತಾರೆಂಬ ಹೆದರಿಕೆಯಿಂದ ಫೋನ್ ಮಾಡದೆ ಸಾವಾದ ಪ್ರಕರಣಗಳು ಎಲ್ಲ ದೇಶದಲ್ಲೂ ಇವೆ. ಕೆನಡಾ 2017ರ ಮೇ ತಿಂಗಳಲ್ಲಿ ಇದಕ್ಕಾಗಿಯೇ ಕಾನೂನು ಮಾಡಿತು. ಓವರ್‌ಡೋಸ್‌ಗೆ ಸಹಾಯ ಕರೆದವರ ಮೇಲೂ, ಅಲ್ಲಿದ್ದವರ ಮೇಲೂ ಸ್ವಂತಕ್ಕೆ ಡ್ರಗ್ಸ್ ಇಟ್ಟುಕೊಂಡ ಕೇಸ್ ಹಾಕುವಂತಿಲ್ಲ.

ಇದರಿಂದ ಚಟಕ್ಕೆ ಧೈರ್ಯ ಬರುವುದಿಲ್ಲವೇ?

ಅತಿ ಹೆಚ್ಚು ಕೇಳಿಬರುವ ಆಕ್ಷೇಪ ಇದು. ವಾರ್ಡಿನ ನರ್ಸ್‌ಗಳಲ್ಲೂ ಕೆಲವರಿಗೆ ಈ ಅನುಮಾನ ಇರುತ್ತದೆ. ಈವರೆಗಿನ ಅಧ್ಯಯನಗಳಲ್ಲಿ ಕಿಟ್ ಸಿಕ್ಕಿದ್ದಕ್ಕೆ ಬಳಕೆ ಹೆಚ್ಚಿದ್ದು ಕಂಡಿಲ್ಲ. ಸಾವು ಇಳಿದದ್ದು ಕಂಡಿದೆ. ಮ್ಯಾಸಚೂಸೆಟ್ಸ್‌ನ 19 ಊರುಗಳಲ್ಲಿ 2002ರಿಂದ 2009ರವರೆಗೆ ನೋಡಿದಾಗ, ತರಬೇತಿ ಮತ್ತು ನಲೋಕ್ಸೋನ್ ಕೊಡದಿದ್ದ ಕಡೆಗಳಿಗಿಂತ ಸ್ವಲ್ಪ ಕೊಟ್ಟಲ್ಲಿ ಓವರ್‌ಡೋಸ್ ಸಾವಿನ ದರ ಶೇ 27, ಹೆಚ್ಚು ಕೊಟ್ಟಲ್ಲಿ ಶೇ 46 ಕಡಿಮೆ ಇತ್ತು. ನಲೋಕ್ಸೋನ್ ತಾನಾಗಿ ಅಮಲು ಕೊಡುವುದಿಲ್ಲ, ಚಟ ಹಿಡಿಸುವುದಿಲ್ಲ. ಎಚ್ಚರವಾದಾಗಿನ ಆ ವಿತ್‌ಡ್ರಾವಲ್ ಅನುಭವಿಸಿದವರು ಅದನ್ನು ಬಯಸಿ ಹೋಗುವುದೂ ಇಲ್ಲ.

ಗಟ್ಟಿಯಾದ ಆಕ್ಷೇಪ ಬೇರೆಯದು. ಕಿಟ್ ಕೊಟ್ಟು ಕೈ ತೊಳೆದುಕೊಂಡರೆ ಆ ರೋಗಿ ಮತ್ತೆ ಬರುತ್ತಾರೆ. ಮೆಥಡೋನ್, ಬ್ಯೂಪ್ರೆನಾರ್ಫಿನ್‌ನಂಥ ಚಿಕಿತ್ಸೆಯನ್ನು ಆಸ್ಪತ್ರೆಯಲ್ಲೇ ಶುರು ಮಾಡಿ ಕಳಿಸುವುದು ಇದರ ಜೋಡಿ ಕೆಲಸ. ಜತೆಗೆ ಸಿಬ್ಬಂದಿ ಕೊರತೆಯಿರುವ ಕ್ಯಾಶುವಾಲ್ಟಿಯಲ್ಲಿ ಹತ್ತು ನಿಮಿಷ ಎಂದರೆ ಸಣ್ಣ ಸಮಯವಲ್ಲ. ಕಿಟ್ ವಾರ್ಡಿನಲ್ಲೇ ಇರದೆ ಕೆಳಗಿನ ಫಾರ್ಮಸಿಗೆ ಹೋಗಿ ತರಬೇಕೆಂದರೆ ಕೊಡುವ ಉತ್ಸಾಹ ಅಲ್ಲೇ ಅರ್ಧ ಇಳಿಯುತ್ತದೆ.

ನಮ್ಮಲ್ಲಿ ಏನಿದೆ?

ಭಾರತದಲ್ಲೂ ನಲೋಕ್ಸೋನ್ ಇಂಜೆಕ್ಷನ್ ರಾಷ್ಟ್ರೀಯ ಅಗತ್ಯ ಔಷಧಗಳ ಪಟ್ಟಿಯಲ್ಲಿದೆ. ಇಲ್ಲಿ ಅದು ಆಸ್ಪತ್ರೆಯ ಮದ್ದು, ಡಾಕ್ಟರ ಸೂಚನೆಯ ಮೇಲೆ ನರ್ಸ್ ಕೊಡುವುದು. ಡಿಸ್ಚಾರ್ಜ್ ವೇಳೆ ಕಿಟ್ ಕೈಗಿಡುವ ಪದ್ಧತಿ ನಮ್ಮ ಜಿಲ್ಲಾ ಆಸ್ಪತ್ರೆಗಳಲ್ಲಿ ಇಲ್ಲ. 2019ರಲ್ಲಿ ಪ್ರಕಟವಾದ ಕೇಂದ್ರ ಸರಕಾರದ ಸಮೀಕ್ಷೆ ಪ್ರಕಾರ ದೇಶದಲ್ಲಿ ಸುಮಾರು 2.26 ಕೋಟಿ ಜನ ಒಪಿಯಾಯ್ಡ್ ಬಳಸುತ್ತಾರೆ, ಅವರಲ್ಲಿ ಸುಮಾರು 77 ಲಕ್ಷ ಮಂದಿಗೆ ಚಿಕಿತ್ಸೆಯೋ ಸಹಾಯವೋ ಬೇಕು.

ಕರಾವಳಿಯಲ್ಲಿ ಪೊಲೀಸರು ಆಗಾಗ ಹಿಡಿಯುವುದು ಗಾಂಜಾ ಮತ್ತು ಎಂಡಿಎಂಎ. ಇವೆರಡೂ ಒಪಿಯಾಯ್ಡ್ ಅಲ್ಲ, ನಲೋಕ್ಸೋನ್ ಇವಕ್ಕೆ ಕೆಲಸ ಮಾಡುವುದಿಲ್ಲ. ಮದ್ಯಕ್ಕೆ, ನಿದ್ದೆ ಮಾತ್ರೆಗೂ ಅಷ್ಟೇ. ಏನು ತಗೊಂಡಿದ್ದಾರೆ ಎಂದು ಗೊತ್ತಾಗದಿದ್ದಾಗ ಕೊಟ್ಟರೆ ಸಾಮಾನ್ಯವಾಗಿ ಹಾನಿಯೂ ಇಲ್ಲ.

ಹೆಸರಿನ ಗೊಂದಲವೂ ಉಂಟು. ಚಟ ಬಿಡಿಸುವಾಗ ಕೊಡುವ ನಾಲ್ಟ್ರೆಕ್ಸೋನ್ ಮಾತ್ರೆ ಬೇರೆ, ನಲೋಕ್ಸೋನ್ ಬೇರೆ. ಬ್ಯೂಪ್ರೆನಾರ್ಫಿನ್ ಜತೆ ನಲೋಕ್ಸೋನ್ ಬೆರೆಸಿದ, ನಾಲಿಗೆಯಡಿ ಇಡುವ ಮಾತ್ರೆಯೂ ಓವರ್‌ಡೋಸ್ ತುರ್ತಿಗೆ ಆಗುವುದಿಲ್ಲ. ಇನ್ನು ಕ್ಯಾನ್ಸರ್ ನೋವಿಗೆ ಡಾಕ್ಟರ್ ಕೊಟ್ಟ ಮಾರ್ಫಿನ್ ತಗೊಳ್ಳುತ್ತಿರುವವರು ಇದನ್ನೆಲ್ಲ ಓದಿ ಹೆದರಿ ಮಾತ್ರೆ ನಿಲ್ಲಿಸಬಾರದು. ಹೇಳಿದ ಪ್ರಮಾಣದಲ್ಲಿ, ಹೇಳಿದ ಹೊತ್ತಿಗೆ ತಗೊಂಡರೆ ಅದು ಸುರಕ್ಷಿತ. ಹೊಸದಾಗಿ ಅತಿ ಮಂಪರು, ಉಸಿರು ನಿಧಾನ ಕಂಡರೆ ಕೂಡಲೇ ಆಸ್ಪತ್ರೆಗೆ ಹೇಳಬೇಕು.

ಯಾರಾದರೂ ಪ್ರಜ್ಞೆ ತಪ್ಪಿ ಉಸಿರು ನಿಧಾನವಾಗಿ ಬಿದ್ದಿದ್ದರೆ 108 ಅಥವಾ 112ಕ್ಕೆ ಕರೆ ಮಾಡಿ, ಏನು ತಗೊಂಡಿದ್ದಾರೆಂದು ಗೊತ್ತಿದ್ದರೆ ಮುಚ್ಚಿಡದೆ ಹೇಳಿ. ಚಟ ಬಿಡುವ ಬಗ್ಗೆ ಮಾತಾಡಲು ರಾಷ್ಟ್ರೀಯ ಸಹಾಯವಾಣಿ 14446, ಮನಸ್ಸಿನ ತೊಂದರೆಗಳಿಗೆ ಟೆಲಿ ಮಾನಸ್ 14416. ಎರಡಕ್ಕೂ ಕರೆ ಉಚಿತ.